ಮೊದಲು ನಿಲ್ಲಿಸಲು ಕಲಿತೆ, ಆಮೇಲೆ ಓಡಿಸಲು

ಮೊನ್ನೆ ಭಾನುವಾರ ಸಂಜೆ 7 ಗಂಟೆ 4 ನಿಮಿಷಕ್ಕೆ ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡು ಬಂದ ನನ್ನ ಸೈಕಲ್ ಸವಾರಿಯ ಕಾರ್ಡಿನ ಕೊನೆಯ ಚೌಕದಲ್ಲಿ ಸಹಿ ಬಿತ್ತು. ಬೆಳಿಗ್ಗೆ 6ಕ್ಕೆ ಹೊರಟಿದ್ದೆ. 200 ಕಿಲೋಮೀಟರ್ ಮುಗಿಸಲು ಕೊಡುವ ಸಮಯ 13 ಗಂಟೆ 30 ನಿಮಿಷ. ನನಗೆ ಹಿಡಿದದ್ದು 13 ಗಂಟೆ 4 ನಿಮಿಷ. ಎರಡು ದಿನ ಕಳೆದರೂ ಎಡಗೈ ಕಿರುಬೆರಳು ಇನ್ನೂ ಜುಮ್ ಅನ್ನುತ್ತಿದೆ. ಟೈಪ್ ಮಾಡುವಾಗ ಆ ಬೆರಳಿನ ಅಕ್ಷರಗಳೆಲ್ಲ ತಪ್ಪಿಹೋಗುತ್ತಿವೆ. ನೆನಪು ಬಿಸಿಯಾಗಿರುವಾಗಲೇ ಬರೆದುಬಿಡೋಣ ಎಂದು ಕೂತಿದ್ದೇನೆ.

14 ತಿಂಗಳ ಹಿಂದೆ ನನಗೆ ಸೈಕಲ್ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಶಾಲೆಗೆ ಹೋಗುವಾಗ ಓಡಿಸಿದ್ದೆ. 25 ವರ್ಷ ಬಿಟ್ಟು, 43ನೇ ವಯಸ್ಸಿನಲ್ಲಿ ಮತ್ತೆ ಹತ್ತಿದಾಗ ಗೊತ್ತಾಯಿತು, ಬ್ಯಾಲೆನ್ಸ್ ಮರೆತಿಲ್ಲ, ಧೈರ್ಯ ಮಾತ್ರ ಪೂರ್ತಿ ಮರೆತುಹೋಗಿದೆ ಎಂದು. ಹಿಂದಿನಿಂದ ಒಂದು ಹಾರ್ನ್ ಕೇಳಿದರೆ ಸಾಕು, ಭುಜ ಕಿವಿಗೆ ತಾಗುತ್ತಿತ್ತು. ನನ್ನಂಥವರು ಬಹಳ ಜನ ಇದ್ದಾರೆ ಅಂತ ಆಮೇಲೆ ತಿಳಿಯಿತು. ಇದು ಅವರಿಗಾಗಿ.

ಸೈಕಲ್ ತೆಗೆದುಕೊಂಡಾಗಲೇ ಮೊದಲ ತಪ್ಪು ಮಾಡಿದೆ. ಬಣ್ಣ ನೋಡಿ ತಗೊಂಡೆ. ಅಂಗಡಿಯವರು "ಸೀಟು ಇಳಿಸಿದರೆ ಸರಿಹೋಗುತ್ತೆ ಮೇಡಂ" ಎಂದರು. ಸೀಟು ಇಳಿಯುತ್ತದೆ ನಿಜ, ಆದರೆ ಫ್ರೇಮು ಚಿಕ್ಕದಾಗುವುದಿಲ್ಲವಲ್ಲ. ಒಂದು ತಿಂಗಳು ಕುತ್ತಿಗೆ ಮತ್ತು ಭುಜ ನೋಯಿಸಿಕೊಂಡು, ಹ್ಯಾಂಡಲ್ ಹಿಡಿಯುವ ಕೊಂಡಿಯನ್ನು ಗಿಡ್ಡದು ಹಾಕಿಸಿ, ಹೇಗೋ ಹೊಂದಿಸಿಕೊಂಡೆ. ನೀವು ಹಾಗೆ ಮಾಡಬೇಡಿ. ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೂರಿ ನಿಂತಾಗ ಪೈಪಿಗೂ ನಿಮಗೂ ನಡುವೆ ಎರಡು ಮೂರು ಬೆರಳಷ್ಟಾದರೂ ಜಾಗ ಇರಬೇಕು. ಆಮೇಲೆ ಒಂದು ಹತ್ತು ನಿಮಿಷ ಓಡಿಸಿ ನೋಡಿ. ಓಡಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಇನ್ನೊಂದು ವಿಷಯ, ಬಿಲ್ಲು. ಬಿಲ್ಲನ್ನು ಜೋಪಾನವಾಗಿ ಎತ್ತಿಟ್ಟಿದ್ದೆ, ಕವರಿನೊಳಗೆ ಕವರ್ ಹಾಕಿ. ಏಳು ತಿಂಗಳಾದ ಮೇಲೆ ಗೇರ್‌ನದ್ದೇನೋ ವಾರಂಟಿ ವಿಚಾರಕ್ಕೆ ತೆಗೆದು ನೋಡಿದರೆ ಬಿಳಿ ಹಾಳೆ. ಶಾಖಕ್ಕೆ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರ ತಾನಾಗಿಯೇ ಮಾಸಿಹೋಗುತ್ತದೆ. ಅದಕ್ಕಾಗಿ ಮೂರು ಸಲ ಓಡಾಡಿದೆ. ಕೊಂಡ ದಿನವೇ ಬಿಲ್ಲಿನ ಫೋಟೋ ತೆಗೆದಿಡಿ. ಜೊತೆಗೆ ಸೈಕಲ್ ತಲೆಕೆಳಗೆ ಮಾಡಿ, ಪೆಡಲ್‌ಗಳ ನಡುವಿನ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರಿನ ಫೋಟೋವನ್ನೂ ತೆಗೆಯಿರಿ. ಹೆಚ್ಚಿನ ಸೈಕಲ್‌ಗಳಲ್ಲಿ ಅದು ಅಲ್ಲೇ ಇರುತ್ತದೆ. ಕಳುವಾದರೆ ಇದು ನನ್ನದೇ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಮೊದಲ ಎರಡು ತಿಂಗಳು ಸುಮ್ನೆ ಓಡಿಸಿದೆ. ಓಡಿಸಿದಷ್ಟೂ ಧೈರ್ಯ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಬರಲಿಲ್ಲ. ಬಂದದ್ದು ಮಂಡಿನೋವು. ಮಂಡಿಚಿಪ್ಪಿನ ಸುತ್ತ, ಮುಂದುಗಡೆ. ಮೆಟ್ಟಿಲು ಇಳಿಯುವಾಗ ಕೈಯಲ್ಲಿ ಗೋಡೆ ಹಿಡಿಯಬೇಕಾಗುತ್ತಿತ್ತು. ವಯಸ್ಸಾಯಿತು, ಇದೆಲ್ಲ ನಮಗಲ್ಲ ಎಂದು ಸೈಕಲ್ಲನ್ನು ಮೂಲೆಗೆ ಒರಗಿಸಿಬಿಟ್ಟೆ.

ಆಗ ಬಂದವಳು ಅಕ್ಕನ ಮಗಳು. 19 ವರ್ಷ, ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುವವಳು. ನನ್ನನ್ನು ಹತ್ತಿಸಿ ಒಂದು ಸುತ್ತು ಓಡಿಸಲು ಹೇಳಿ ನೋಡಿದಳು. ಕೇಳಿದ ಮೊದಲ ಪ್ರಶ್ನೆ, "ಸೀಟು ಯಾಕೆ ಇಷ್ಟು ಕೆಳಗಿದೆ?"

"ಕಾಲು ನೆಲಕ್ಕೆ ಸಿಗಬೇಕಲ್ಲ" ಎಂದೆ.

"ಯಾಕೆ ಸಿಗಬೇಕು?"

"ನಿಲ್ಲಿಸಬೇಕಾದಾಗ ಬೀಳಬಾರದಲ್ವಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಚಿಕ್ಕಮ್ಮ, ನಿಂಗೆ ಓಡಿಸೋಕೆ ಭಯ ಇಲ್ಲ. ನಿಲ್ಲಿಸೋಕೆ ಭಯ."

ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ನಿಲ್ಲಿಸುವ ಭಯಕ್ಕೆ ಸೀಟು ಇಳಿಸಿದ್ದೆ. ಸೀಟು ಇಳಿದದ್ದಕ್ಕೆ ಮಂಡಿ ಜಾಸ್ತಿ ಮಡಿಚಿ ನೋವು ಬಂದಿತ್ತು. ಮಂಡಿ ಮಡಿಚಿದ್ದಕ್ಕೆ ತುಳಿತದಲ್ಲಿ ಬಲವಿಲ್ಲದೆ ಏರು ಹತ್ತಲಾಗುತ್ತಿರಲಿಲ್ಲ. ಒಂದಕ್ಕೊಂದು ಗಂಟು ಬಿದ್ದಿತ್ತು.

ಸೀಟಿನ ಎತ್ತರ ನೋಡಲು ಅವಳು ತೋರಿಸಿದ ವಿಧಾನ ಇದು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಬೇಕು. ಆಗ ಕಾಲು ನೇರವಾಗಿರಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ತಾನಾಗಿಯೇ ಸ್ವಲ್ಪ ಮಡಿಚುತ್ತದೆ. ಅಷ್ಟು ಸಾಕು. ಲೆಕ್ಕ ಬೇಕೆನ್ನುವವರು ತೊಡೆಸಂದಿಯಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸುತ್ತಾರೆ. ಪೆಡಲ್‌ಗಳ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರ ಇರಬೇಕು ಎಂದು. ನನ್ನ ಸೀಟು ಆರು ಸೆಂಟಿಮೀಟರ್ ಮೇಲೆ ಹೋಯಿತು. ಒಂದೇ ದಿನಕ್ಕಲ್ಲ, ವಾರಕ್ಕೆ ಒಂದೊಂದು ಬೆರಳಿನಂತೆ.

ಸೀಟು ಏರಿದ ಮೇಲೆ ಕೂತಲ್ಲಿಂದ ಕಾಲು ನೆಲಕ್ಕೆ ಸಿಗುವುದಿಲ್ಲ. ಸಿಗಬಾರದು ಕೂಡ. ಹಾಗಾದರೆ ನಿಲ್ಲುವುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನ್ನ ಇಡೀ ವರ್ಷ ಇದರ ಮೇಲೆ ನಿಂತಿದೆ.

ನಿಲ್ಲಬೇಕಾದ ಜಾಗ ಹತ್ತಿರ ಬಂದಾಗ ತುಳಿಯುವುದನ್ನು ನಿಲ್ಲಿಸಿ ಒಂದು ಪೆಡಲ್ ಪೂರ್ತಿ ಕೆಳಗೆ ಬರುವಂತೆ ಮಾಡಬೇಕು. ನನಗೆ ಅದು ಬಲಗಾಲು. ಆ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಎದ್ದು, ಸೊಂಟವನ್ನು ಸೀಟಿನ ಮುಂದಕ್ಕೆ ಜಾರಿಸಬೇಕು. ಈಗ ನೀವು ಒಂದು ಪೆಡಲ್ ಮೇಲೆ ನಿಂತು ಹೋಗುತ್ತಿದ್ದೀರಿ, ಸೀಟು ಬೆನ್ನ ಹಿಂದಿದೆ. ಬ್ರೇಕ್ ಒತ್ತುತ್ತಾ ಬರಬೇಕು. ಚಕ್ರ ನಿಲ್ಲುವ ಹೊತ್ತಿಗೆ ಸೈಕಲ್ಲನ್ನು ಎಡಕ್ಕೆ ಒಂದು ಚೂರು ವಾಲಿಸಿದರೆ ಎಡಗಾಲು ಆರಾಮಾಗಿ ನೆಲಕ್ಕೆ ಬರುತ್ತದೆ. ಓದಲು ಇಷ್ಟುದ್ದ, ಮಾಡಲು ಎರಡು ಸೆಕೆಂಡು. ಆದರೆ ಆ ಎರಡು ಸೆಕೆಂಡು ಕೈಗೆ ಹತ್ತಲು ನನಗೆ ಮೂರು ವಾರ ಹಿಡಿಯಿತು. ಖಾಲಿ ಮೈದಾನದಲ್ಲಿ ದಿನಕ್ಕೆ 30 ಸಲ ಹತ್ತುವುದು, ಹತ್ತು ಮಾರು ಹೋಗುವುದು, ಇಳಿಯುವುದು. ಆಟವಾಡಲು ಬಂದ ಮಕ್ಕಳು ಆಟ ಬಿಟ್ಟು ನನ್ನನ್ನು ನೋಡುತ್ತಾ ನಿಲ್ಲುತ್ತಿದ್ದರು. ಒಬ್ಬ ಹುಡುಗ ಬಂದು "ಆಂಟಿ, ಹಿಂದಿನಿಂದ ಹಿಡ್ಕೊಳ್ಳಲಾ?" ಎಂದು ಕೇಳಿದ. ನಾಚಿಕೆಯಾಯಿತು. ಆದರೂ ಬಿಡಲಿಲ್ಲ. ಮಂಡಿನೋವು ಐದಾರು ವಾರದಲ್ಲಿ ಹೋಯಿತು.

ಇದೇ ಹೊತ್ತಿಗೆ ಮೊದಲ ಸರ್ವಿಸ್ ಮಾಡಿಸಿದೆ. ಮೆಕ್ಯಾನಿಕ್ ಎರಡು ಬ್ರೇಕ್ ಪ್ಯಾಡ್‌ಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ಹಿಂದಿನದು ಸವೆದು ಗೆರೆಗಳೇ ಅಳಿಸಿಹೋಗಿದ್ದವು. ಮುಂದಿನದು ಹೊಸದರ ಹಾಗಿತ್ತು. "ಮುಂದಿನ ಬ್ರೇಕ್ ಮುಟ್ಟೋದೇ ಇಲ್ವಾ ಮೇಡಂ?"

ಮುಟ್ಟುತ್ತಿರಲಿಲ್ಲ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ ಎಂದು ಚಿಕ್ಕಂದಿನಲ್ಲಿ ಕೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ನಿಮಗೂ ಯಾರಾದರೂ ಹೇಳಿರುತ್ತಾರೆ, ಅಲ್ವಾ? ಅರ್ಧ ಸತ್ಯ ಅದು. ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಒಣ ರಸ್ತೆಯಲ್ಲಿ ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಹಿಂದಿನದನ್ನು ಮಾತ್ರ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ನಿಲ್ಲುವುದಿಲ್ಲ. ಪಲ್ಟಿಯಾಗುವುದು ಮುಂದಿನದನ್ನು ಗಬಕ್ಕನೆ ಹಿಡಿದು, ಕೈ ಸಡಿಲ ಬಿಟ್ಟು, ಮೈ ಮುಂದಕ್ಕೆ ಹೋದಾಗ.

ಮೈದಾನದಲ್ಲಿ ಒಂದು ನೀರಿನ ಬಾಟಲಿ ಇಟ್ಟೆವು. ಬಾಟಲಿ ದಾಟಿದ ಕ್ಷಣ ಬ್ರೇಕ್ ಹಿಡಿಯಬೇಕು, ನಿಂತ ಮೇಲೆ ಎಷ್ಟು ಹೆಜ್ಜೆ ದೂರ ಬಂದೆ ಎಂದು ಎಣಿಸಬೇಕು. ಹಿಂದಿನ ಬ್ರೇಕ್ ಒಂದರಲ್ಲೇ 11 ಹೆಜ್ಜೆ. ಎರಡನ್ನೂ ಸೇರಿಸಿ, ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ, ಸೊಂಟ ಹಿಂದಕ್ಕೆ ತಳ್ಳಿ, ಮೊಣಕೈ ಗಟ್ಟಿಮಾಡಿ ಹಿಡಿದರೆ 5 ಹೆಜ್ಜೆ. ಅದೇ ಸೈಕಲ್, ಹೆಚ್ಚುಕಡಿಮೆ ಅದೇ ವೇಗ. ಆ ಆರು ಹೆಜ್ಜೆಯ ವ್ಯತ್ಯಾಸ ಕಣ್ಣಾರೆ ಕಂಡ ದಿನ ನನ್ನೊಳಗೆ ಏನೋ ಸಡಿಲವಾಯಿತು. ಯಾವ ಸುಭಾಷಿತವೂ ಮಾಡದ ಕೆಲಸವನ್ನು ಆ ಬಾಟಲಿ ಮಾಡಿತು.

ಹಿಂದಿನ ಚಕ್ರ ಕಿರ್ರ್ ಎಂದು ಜಾರತೊಡಗಿದರೆ ಮುಂದಿನದನ್ನು ಸ್ವಲ್ಪ ಸಡಿಲಿಸಬೇಕು, ಅದು ಎಚ್ಚರಿಕೆ ಗಂಟೆ. ಮಳೆಯಲ್ಲಿ ಲೆಕ್ಕವೇ ಬೇರೆ. ರಿಮ್ ಮೇಲೆ ಒತ್ತುವ ಬ್ರೇಕ್ ಆದರೆ ಮೊದಲು ನೀರು ಒರೆಸಿಕೊಂಡು ಆಮೇಲಷ್ಟೇ ಹಿಡಿಯುತ್ತದೆ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ ಬ್ರೇಕ್ ಹಿಡಿಯಲೇಬಾರದು. ಇನ್ನೊಂದು ಮಾತು, ಮುಂದಿನ ಬ್ರೇಕ್ ಯಾವ ಕೈಗೆ ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬೇರೆಯವರ ಸೈಕಲ್ ಹತ್ತುವ ಮುಂಚೆ ಒಮ್ಮೆ ಒತ್ತಿ ನೋಡಿ.

ನಾಲ್ಕನೇ ತಿಂಗಳಿಂದ ರಸ್ತೆ. ಭಾನುವಾರ ಬೆಳಗಿನ ಜಾವ ಮಾತ್ರ. ಹಿಂದಿರುಗಿ ನೋಡಲು ಬರುತ್ತಿರಲಿಲ್ಲ. ತಲೆ ಬಲಕ್ಕೆ ತಿರುಗಿಸಿದರೆ ಹ್ಯಾಂಡಲ್ ಕೂಡ ಬಲಕ್ಕೇ ತಿರುಗುತ್ತಿತ್ತು. ಮೈದಾನದ ಗೆರೆಯೊಂದರ ಮೇಲೆ ಹೋಗುತ್ತಾ, ಗದ್ದವನ್ನು ಭುಜಕ್ಕೆ ತಾಗಿಸಿ, ಹಿಂದೆ ನಿಂತ ನಮ್ಮ ಹುಡುಗಿ, ಅದೇ ಅಕ್ಕನ ಮಗಳು, ಎಷ್ಟು ಬೆರಳು ತೋರಿಸುತ್ತಿದ್ದಾಳೆ ಎಂದು ಕೂಗಿ ಹೇಳುವುದು, ಇದೇ ಅಭ್ಯಾಸ. ಮೊದಲ ವಾರ ಬೆರಳೂ ಕಾಣಲಿಲ್ಲ, ಗೆರೆಯೂ ಉಳಿಯಲಿಲ್ಲ. ಮೊಣಕೈ ಸಡಿಲ ಬಿಟ್ಟ ಮೇಲೆ ಸರಿಹೋಯಿತು. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದು, ಓಡುತ್ತಲೇ ಬಾಟಲಿ ತೆಗೆದು ನೀರು ಕುಡಿಯುವುದು ಆಮೇಲೆ ಬಂದವು. ನೀರು ಕುಡಿಯುವುದಕ್ಕೆ ಎರಡು ತಿಂಗಳು ಬೇಕಾಯಿತು, ನಗಬೇಡಿ.

ಕಣ್ಣು ಎಲ್ಲಿದೆಯೋ ಸೈಕಲ್ ಅಲ್ಲಿಗೆ ಹೋಗುತ್ತದೆ. ಗುಂಡಿಗೆ ಬೀಳಬಾರದು ಎಂದು ಗುಂಡಿಯನ್ನೇ ನೋಡುತ್ತಾ ಹೋದರೆ ಸೀದಾ ಗುಂಡಿಗೇ. ಗುಂಡಿಯ ಪಕ್ಕದ ದಾರಿ ನೋಡಬೇಕು. ತಿರುವಿನಲ್ಲೂ ಅಷ್ಟೇ. ಇದರ ಜೊತೆಗೊಂದು ಮೋಜಿನ ವಿಷಯ ಓದಿದೆ. ವಿಮಾನ ಹಾರಿಸುವ ಮೊದಲು ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟಿದ್ದವರು. ಎಡಕ್ಕೆ ತಿರುಗುವುದು ಹೇಗೆ ಎಂದು ವಿಲ್ಬರ್ ರೈಟ್ ಎಷ್ಟೋ ಸವಾರರನ್ನು ಕೇಳಿದರಂತೆ. ಒಬ್ಬರೂ ಸರಿಯಾಗಿ ಹೇಳಲಿಲ್ಲವಂತೆ. ನಿಜ ಏನೆಂದರೆ, ಎಡಕ್ಕೆ ತಿರುಗಲು ನಾವು ಮೊದಲು ಹ್ಯಾಂಡಲ್ಲನ್ನು ಒಂದು ಚೂರು ಬಲಕ್ಕೆ ತಿರುಗಿಸುತ್ತೇವೆ. ಆಗ ಸೈಕಲ್ ಎಡಕ್ಕೆ ವಾಲುತ್ತದೆ, ಆಮೇಲೆ ತಿರುವು. ನಮಗೇ ತಿಳಿಯದೆ ನಮ್ಮ ಕೈ ಮಾಡುವ ಕೆಲಸ ಇದು. ಇದನ್ನು ಓದಿದ ಮರುದಿನ ಯೋಚನೆ ಮಾಡಿ ತಿರುಗಿಸಲು ಹೋಗಿ ಬೇಲಿಗೆ ನುಗ್ಗಿದೆ. ಓದಿ ಮರೆತುಬಿಡಿ.

ರಸ್ತೆಯಲ್ಲಿ ಎಲ್ಲಿ ಹೋಗಬೇಕು ಎನ್ನುವುದರಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು. ಮೊದಲು ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುತ್ತಿದ್ದೆ, ಯಾರಿಗೂ ತೊಂದರೆ ಬೇಡ ಎಂದು. ಅಂಚಿನಲ್ಲೇ ಮರಳು, ಗಾಜಿನ ಚೂರು, ಗುಂಡಿ ಎಲ್ಲ ಇರುವುದು. ಅವನ್ನು ತಪ್ಪಿಸಲು ಪದೇ ಪದೇ ಒಳಗೆ ಹೊರಗೆ ಆದರೆ ಹಿಂದಿನವರಿಗೆ ನೀವು ಯಾವ ಕಡೆ ಬರುತ್ತೀರಿ ಎಂದೇ ತಿಳಿಯುವುದಿಲ್ಲ. ಅಂಚಿನಿಂದ ಒಂದು ಮೊಳ ಎರಡು ಮೊಳ ಬಿಟ್ಟು ನೇರವಾಗಿ ಹೋಗುವುದೇ ಕ್ಷೇಮ. ನಿಂತ ಕಾರುಗಳ ಪಕ್ಕದಲ್ಲಿ ಬಾಗಿಲು ತೆರೆದರೂ ತಾಗದಷ್ಟು, ಒಂದು ಮೀಟರಿಗಿಂತ ಕಡಿಮೆಯಿಲ್ಲದಷ್ಟು ದೂರ. ತಿರುಗಲು ನಿಂತಿರುವ ದೊಡ್ಡ ಲಾರಿಯ ಪಕ್ಕಕ್ಕೆ ಮಾತ್ರ ಎಂದೂ ನುಗ್ಗಬೇಡಿ. ಅದರ ಡ್ರೈವರಿಗೆ ನೀವು ಕಾಣುವುದೇ ಇಲ್ಲ.

ಆರನೇ ತಿಂಗಳು ಬಿದ್ದೆ. ವಾಹನ ಗುದ್ದಿ ಅಲ್ಲ, ರೈಲು ಹಳಿ ದಾಟುವಾಗ. ಹಳಿ ರಸ್ತೆಗೆ ಓರೆಯಾಗಿತ್ತು, ಇಬ್ಬನಿಯಲ್ಲಿ ತೊಯ್ದಿತ್ತು. ಮುಂದಿನ ಚಕ್ರ ಹಳಿಯ ಪಕ್ಕದ ಸಂದಿಗೆ ಜಾರಿತು. ಮರುಕ್ಷಣ ಕೆನ್ನೆಯ ಪಕ್ಕದಲ್ಲೇ ಜಲ್ಲಿಕಲ್ಲು. ಹಳಿಯನ್ನು ಯಾವಾಗಲೂ ಅಡ್ಡಲಾಗಿ, ಆದಷ್ಟು ಲಂಬ ಕೋನದಲ್ಲಿ ದಾಟಬೇಕು, ಹಳಿ ಮೇಲೆ ಬ್ರೇಕ್ ಹಿಡಿಯಬಾರದು. ಗೊತ್ತಿತ್ತು. ಹಿಂದೆ ಬರುತ್ತಿದ್ದ ಬೈಕಿನವನಿಗೆ ದಾರಿ ಬಿಡೋಣ ಎಂದು ಓರೆಯಾಗಿಯೇ ಹೋದೆ. ಅವನೇ ಬಂದು ಎತ್ತಿದ, ಪಾಪ.

ಕೈ ಊರಿ ಬಿದ್ದದ್ದಕ್ಕೆ ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮನೆಗೆ ಹೋಗಬಹುದು ಎಂದುಕೊಂಡೆ. ಡಾಕ್ಟರು ಬಿಡಲಿಲ್ಲ. ಮಣಿಕಟ್ಟಿನ ಆ ಸಣ್ಣ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಬೇಕು, ಅಲ್ಲಿಯವರೆಗೆ ಪಟ್ಟಿ ಬಿಚ್ಚಬೇಡಿ ಎಂದರು. ಆ ಎರಡು ವಾರ ಇಡೀ ವರ್ಷದಲ್ಲೇ ಕೆಟ್ಟವು. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದೆ, ಮನೆಯವರ "ಮೊದಲೇ ಹೇಳಿದ್ವಿ" ಕೇಳುತ್ತಾ ಕೂತಿದ್ದೆ. ಎರಡನೇ ಎಕ್ಸ್‌ರೇಯಲ್ಲೂ ಬಿರುಕಿರಲಿಲ್ಲ. ಆದರೆ ಬಿದ್ದು ಮಣಿಕಟ್ಟು ನೋಯುತ್ತಿದ್ದರೆ, ಮೊದಲ ಎಕ್ಸ್‌ರೇ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ.

ಹೆಲ್ಮೆಟ್ಟೂ ನೆಲಕ್ಕೆ ಬಡಿದಿತ್ತು. ಹೊರಗೆ ಒಂದು ಗೀರು ಅಷ್ಟೇ. ಆದರೂ ಬದಲಿಸಿದೆ. ಒಳಗಿನ ಫೋಮ್ ಒಮ್ಮೆ ಪೆಟ್ಟು ತಿಂದು ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿಂದ ನೋಡಿದರೆ ತಿಳಿಯುವುದೂ ಇಲ್ಲ. ದುಡ್ಡು ಹೋಯಿತು ಎಂದು ಬೇಜಾರಾಯಿತು, ತಲೆ ಉಳಿದಿದೆಯಲ್ಲ ಎಂದುಕೊಂಡೆ.

ಮತ್ತೆ ಹತ್ತಿದ ದಿನ ಕೈ ನಡುಗುತ್ತಿತ್ತು. ರಸ್ತೆಗೆ ಹೋಗಲಿಲ್ಲ. ಮೈದಾನಕ್ಕೆ ಹೋಗಿ ಅದೇ ಬಾಟಲಿ ಇಟ್ಟೆ. 8 ಹೆಜ್ಜೆ, 7, 7, 6. ಐದಕ್ಕೆ ಬರಲು ನಾಲ್ಕು ದಿನ. ಐದು ಬಂದ ಮರುದಿನ ಆ ಹಳಿಯನ್ನು ದಾಟಿ ಬಂದೆ, ಒಂಬತ್ತು ಸಲ, ಆಚೆಗೂ ಈಚೆಗೂ.

ಗೇರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳುವವರು ಬೇಕಾದಷ್ಟಿದ್ದಾರೆ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ, ಕಷ್ಟಪಟ್ಟು ತುಳಿಯುತ್ತಿರುವಾಗ ಬದಲಿಸಿದರೆ ಚೈನು ಕರಕರ ಎಂದು ಅಳುತ್ತದೆ. ನಾನು ನಿಮಿಷಕ್ಕೆ 55 ಸುತ್ತು ತುಳಿಯುತ್ತಿದ್ದೆ, ಭಾರದ ಗೇರಿನಲ್ಲಿ. ಹಗುರ ಗೇರಿನಲ್ಲಿ 80ರ ಹತ್ತಿರ ತುಳಿಯಲು ಅಭ್ಯಾಸ ಮಾಡಿದ ಮೇಲೆ ತೊಡೆ ಬೇಗ ಸೋಲುವುದು ನಿಂತಿತು. ಅಷ್ಟೇ.

ಪಂಕ್ಚರ್ ಕಥೆ ಹೇಳಲೇಬೇಕು. ಜೊತೆಗೆ ಹೆಚ್ಚುವರಿ ಟ್ಯೂಬ್ ಇತ್ತು, ಪಂಪ್ ಇತ್ತು, ವಿಡಿಯೋ ನೋಡಿ ಕಲಿತಿದ್ದೆ. ಮನೆಯಿಂದ 22 ಕಿಲೋಮೀಟರ್ ದೂರದಲ್ಲಿ ಟೈರ್ ಬಿಚ್ಚಿ ಹೊಸ ಟ್ಯೂಬ್ ತೂರಿಸಲು ನೋಡಿದರೆ ವಾಲ್ವ್ ತೂತಿನೊಳಗೆ ಹೋಗುತ್ತಿಲ್ಲ. ನನ್ನ ರಿಮ್ಮಿಗೆ ಬೇಕಾದದ್ದು ಸಣ್ಣ ಪ್ರೆಸ್ಟಾ ವಾಲ್ವ್, ನಾನು ಕೊಂಡಿದ್ದದ್ದು ಕಾರಿನ ಟೈರಿನಲ್ಲಿರುವಂಥ ದಪ್ಪ ಶ್ರೇಡರ್ ವಾಲ್ವ್. ಚಕ್ರದ ಅಳತೆ ನೋಡಿ ಕೊಂಡಿದ್ದೆ, ವಾಲ್ವ್ ನೋಡಿರಲಿಲ್ಲ. ಹಳೆಯ ಟ್ಯೂಬಿಗೇ ಪ್ಯಾಚ್ ಹಾಕಿ, ಗಾಳಿ ಹೊಡೆದು ಹೊರಟೆ. ಅರ್ಧ ಕಿಲೋಮೀಟರಿಗೆ ಮತ್ತೆ ಚಪ್ಪಟೆ. ಮುಳ್ಳು ಟೈರಿನೊಳಗೇ ಇತ್ತು! ಹೊರಗಿನಿಂದ ಅದರ ತುದಿ ಕೂಡ ಕಾಣುತ್ತಿರಲಿಲ್ಲ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಸುತ್ತಲೂ ಬೆರಳಾಡಿಸಿ ನೋಡಬೇಕು, ನಿಧಾನವಾಗಿ, ಬೆರಳಿಗೆ ಚುಚ್ಚದಂತೆ. ಆ ದಿನ ಪೂರ್ತಿ ಒಂದೂಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿದ್ದೆ. ಈಗ 15 ನಿಮಿಷದಲ್ಲಿ ಮುಗಿಸುತ್ತೇನೆ. ರಿಪೇರಿ ಗೊತ್ತಿದ್ದರೆ ದೂರ ಹೋಗುವ ಧೈರ್ಯ ತಾನಾಗಿ ಬರುತ್ತದೆ, ಇದನ್ನು ಮೊದಲೇ ಕಲಿಯಬೇಕಿತ್ತು.

ಹಾಗೇ ಎಡಗಡೆಯ ಪೆಡಲ್. ಅದರ ತಿರುಪು ಉಲ್ಟಾ ಇರುತ್ತದೆ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು ಹಾಗೆ ಮಾಡಿದ್ದಾರೆ. ಗೊತ್ತಿಲ್ಲದೆ ಅರ್ಧ ಗಂಟೆ ಮೈಮೇಲೆ ಬಂದವರಂತೆ ಬಿಗಿ ಮಾಡುತ್ತಾ ಕೂತಿದ್ದೆ.

ಖರ್ಚು. ಸೈಕಲ್ ಬೆಲೆ ಮಾತ್ರ ಲೆಕ್ಕ ಹಾಕಿಕೊಂಡು ಇಳಿಯಬೇಡಿ. ಹೆಲ್ಮೆಟ್ (ನನಗೆ ಎರಡು), ದೀಪ, ಪಂಪ್, ಟ್ಯೂಬು, ಬೀಗ, ಪ್ಯಾಡ್ ಇರುವ ಚಡ್ಡಿ, ಸರ್ವಿಸ್ ಎಲ್ಲ ಸೇರಿ ಸೈಕಲ್ ಬೆಲೆಯ ಅರ್ಧಕ್ಕಿಂತ ಜಾಸ್ತಿಯಾಯಿತು. ಅದರಲ್ಲಿ ದಂಡವಾದದ್ದು ಮೆತ್ತನೆಯ ಅಗಲ ಸೀಟು. ಕೂತಾಗ ಸೋಫಾ, 30 ಕಿಲೋಮೀಟರ್ ದಾಟಿದರೆ ತೊಡೆಸಂದಿ ಉಜ್ಜಿ ಉರಿ. ಕೂರುವ ಮೂಳೆಗಳಿಗೆ ಆಸರೆ ಕೊಡುವ ಅಗಲದ, ಸ್ವಲ್ಪ ಗಟ್ಟಿ ಸೀಟೇ ದೂರಕ್ಕೆ ಒಳ್ಳೆಯದು. ಪ್ಯಾಡ್ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ.

ಹತ್ತನೇ ತಿಂಗಳಿಗೆ 60, ಹನ್ನೊಂದಕ್ಕೆ 85. 85ರ ದಿನ 70ನೇ ಕಿಲೋಮೀಟರಿನಲ್ಲಿ ಕಣ್ಣು ಕತ್ತಲೆ ಬಂತು, ಕಾರಣವಿಲ್ಲದೆ ಅಳು ಬಂತು. ಹಸಿವೇ ಆಗಿರಲಿಲ್ಲ, ಹಾಗಾಗಿ ತಿಂದಿರಲಿಲ್ಲ. ಹಸಿವಾಗುವವರೆಗೆ ಕಾಯಬಾರದಂತೆ. ಈಗ ಅರ್ಧ ಗಂಟೆಗೊಮ್ಮೆ ಫೋನ್ ಅಲಾರಂ ಇಟ್ಟುಕೊಂಡು ಏನಾದರೂ ಬಾಯಿಗೆ ಹಾಕಿಕೊಳ್ಳುತ್ತೇನೆ, ಅರ್ಧ ಬಾಳೆಹಣ್ಣಾದರೂ.

200ರ ಯೋಚನೆ ನನ್ನದಲ್ಲ, ಹುಡುಗಿಯದು. ಇಂಥ ದೂರದ ಸವಾರಿಗೆ ಬ್ರೆವೆ ಎನ್ನುತ್ತಾರೆ. ಇದು ರೇಸ್ ಅಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, ನಡುವೆ ಗೊತ್ತಾದ ಜಾಗಗಳಲ್ಲಿ ಗೊತ್ತಾದ ಸಮಯದೊಳಗೆ ಕಾರ್ಡಿಗೆ ಮುದ್ರೆ ಹಾಕಿಸಬೇಕು. ದಾರಿಯಲ್ಲಿ ರಿಪೇರಿ, ಊಟ ಎಲ್ಲ ನಮ್ಮ ಜವಾಬ್ದಾರಿಯೇ, ಹಿಂದೆ ಕಾರು ಬರುವಂತಿಲ್ಲ. ಕತ್ತಲಾದರೆ ಮುಂದೆ ಹಿಂದೆ ದೀಪ, ಹೊಳೆಯುವ ಅಂಗಿ ಕಡ್ಡಾಯ. ಅರ್ಜಿಯಲ್ಲಿ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬ ಜಾಗದಲ್ಲಿ ಬರೆಯುವಾಗ ಕೈ ಸ್ವಲ್ಪ ತಡೆಯಿತು. ಕಾರ್ಡ್ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿಡಿ. ಕಳೆದುಹೋದರೆ ಪಟ್ಟ ಪಾಡೆಲ್ಲ ನೀರುಪಾಲು.

ಮೊದಲ 100 ಹಾಡಿನಂತೆ ಹೋಯಿತು. 11 ಗಂಟೆ 50 ನಿಮಿಷಕ್ಕೆ ಅಲ್ಲಿದ್ದೆ. ವಾಪಸ್ ತಿರುಗಿದಾಗ ತಿಳಿಯಿತು, ಅದುವರೆಗೆ ನನ್ನನ್ನು ತಳ್ಳುತ್ತಿದ್ದದ್ದು ಗಾಳಿ. ಈಗ ಅದೇ ಗಾಳಿ ಎದುರಿಗೆ. ಸಮತಟ್ಟು ರಸ್ತೆಯಲ್ಲಿ ಏರು ಹತ್ತುವ ಗೇರು. 150ನೇ ಕಿಲೋಮೀಟರಿನಲ್ಲಿ ಮುದ್ರೆ ಹಾಕುವ ಜಾಗ ಮುಚ್ಚುವುದು 4 ಗಂಟೆಗೆ, ನಾನು ಮುಟ್ಟಿದ್ದು 3 ಗಂಟೆ 42 ನಿಮಿಷಕ್ಕೆ. ಕೈ ಮರಗಟ್ಟಿತ್ತು. ಹ್ಯಾಂಡಲ್ ಮೇಲೆ ಒಂದೇ ಕಡೆ ಅಂಗೈ ಊರಿದರೆ ಕಿರುಬೆರಳಿನ ಕಡೆಯ ನರ ಒತ್ತಿಹೋಗುತ್ತದೆ. ಆಗಾಗ ಹಿಡಿತ ಬದಲಿಸುತ್ತಿರಬೇಕು. ಗಾಳಿಯ ಜೊತೆ ಜಗಳದಲ್ಲಿ ಮರೆತೆ.

ಕೂತುಬಿಟ್ಟಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರು ಶೂ ಲೇಸ್ ಬಿಗಿಯುತ್ತಿದ್ದರು. "ಬಿಟ್ಟುಬಿಡ್ತೀನಿ ಸರ್" ಎಂದೆ. "ಬಿಡೋದಾದ್ರೆ ಹತ್ತು ಕಿಲೋಮೀಟರ್ ಆದಮೇಲೆ ಬಿಡಮ್ಮ. ಇಲ್ಲಿ ಕೂತ್ರೆ ಬಿಡ್ಬೇಕು ಅಂತಾನೇ ಅನ್ಸೋದು" ಎಂದು ಹೊರಟೇಬಿಟ್ಟರು. ಬೈದುಕೊಳ್ಳುತ್ತಾ ಹಿಂದೆ ಹೋದೆ. ಹತ್ತು ಆದ ಮೇಲೆ ಇನ್ನೂ ಹತ್ತು ಎಂದುಕೊಂಡೆ.

178ರ ಹತ್ತಿರ ಉದ್ದನೆಯ ಇಳಿಜಾರು. ತಿರುವುಗಳು, ಕತ್ತಲಾಗುತ್ತಿತ್ತು, ದೀಪ ಹಚ್ಚಿದ್ದೆ. ಒಂದು ವರ್ಷದ ಹಿಂದೆ ಅಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಸೊಂಟ ಹಿಂದಕ್ಕೆ, ಕಣ್ಣು ತಿರುವಿನ ಆಚೆಗೆ. ಪ್ರತಿ ತಿರುವಿನ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟೆ. ಹಿರಿಯರ ಕೆಂಪು ದೀಪ ಮುಂದೆ ಕಾಣುತ್ತಿತ್ತು. ಅರ್ಧ ಇಳಿಜಾರಿನಲ್ಲಿ ಅಡ್ಡ ಬಂದ ನಾಯಿಗೆ ಬ್ರೇಕ್ ಹಿಡಿದೆ. ಸೈಕಲ್ ಒಂದು ಚೂರೂ ಅಲುಗದೆ ನಿಂತಿತು. ಎಡಗಾಲು ನೆಲದ ಮೇಲಿತ್ತು. ನಾಯಿ ನನ್ನನ್ನು ನೋಡಿತು, ನಾನು ನಾಯಿಯನ್ನು ನೋಡಿದೆ, ಅದು ಹೋಯಿತು. ಎದೆ ಹೊಡೆದುಕೊಳ್ಳಲಿಲ್ಲ ಎಂದು ನೆನಪಾದದ್ದು ಎಷ್ಟೋ ದೂರ ಹೋದ ಮೇಲೆ.

ಕಾರ್ಡ್ ಸಂಘಟಕರ ಹತ್ತಿರವೇ ಉಳಿಯಿತು. ಫಲಿತಾಂಶ ಬ್ರೆವೆಗಳನ್ನು ದಾಖಲಿಸುವ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ಗೆ ಹೋಗಿ, ಅಲ್ಲಿ ಒಪ್ಪಿ ನಂಬರ್ ಕೊಟ್ಟ ಮೇಲೆ ಕಾರ್ಡ್ ವಾಪಸ್ ಬರುತ್ತದೆಯಂತೆ. ತಿಂಗಳುಗಳೇ ಆಗಬಹುದು ಎಂದರು. ಆಗಲಿ.

ನಿನ್ನೆ ಸೈಕಲ್ ತೊಳೆದೆ. ಬ್ರೇಕ್ ಪ್ಯಾಡ್ ಬಿಚ್ಚಿ ಅಂಗೈ ಮೇಲಿಟ್ಟು ನೋಡಿದೆ. ಹಿಂದಿನದರಲ್ಲಿ ಗೆರೆಗಳು ಇನ್ನೂ ಚೆನ್ನಾಗಿವೆ. ಮುಂದಿನದು ಸವೆದುಹೋಗಿದೆ, ಬದಲಿಸಬೇಕು. ಫೋಟೋ ತೆಗೆದು ಹುಡುಗಿಗೆ ಕಳಿಸಿದ್ದೇನೆ.